ಉದ್ಯಾನದ ಕಲ್ಲಿನ ಮೇಲೆ ಏನು ಬರೆಯೋಣ? ನಮ್ಮ ಬೀದಿಯ ನೌಕಾಧಿಕಾರಿಯ ನೆನಪಿಗೆ

ಚರ್ಚೆ ಆರಂಭಿಸಿದವರು: ಹನುಮಂತನಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಅಡ್ಡರಸ್ತೆಯ ಕೊನೆಯ ಮನೆಯ ಹುಡುಗ, ನೌಕಾಪಡೆಯ ಇಂಜಿನಿಯರಿಂಗ್ ಶಾಖೆಯಲ್ಲಿ ಲೆಫ್ಟಿನೆಂಟ್ ಆಗಿದ್ದವನು, ದುರಸ್ತಿಗೆ ನಿಂತಿದ್ದ ಹಡಗೊಂದರ ಒಳಗೆ ಪ್ರಾಣ ಕಳೆದುಕೊಂಡು ಬರುವ ಕಾರ್ತಿಕಕ್ಕೆ ಏಳು ವರ್ಷ ತುಂಬುತ್ತದೆ. ಮನೆಯವರ ಇಚ್ಛೆಯಂತೆ ಅವನ ಹೆಸರನ್ನಾಗಲಿ ಹಡಗಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಇಲ್ಲಿ ಓದುವವರಿಗೆ ಅದರ ಅಗತ್ಯವೂ ಇಲ್ಲ. ಉದ್ಯಾನದ ಪೂರ್ವದ ಬಾಗಿಲಿನ ಬಳಿ, ಹೊಂಗೆಮರದ ಕೆಳಗೆ, ಅವನ ನೆನಪಿಗೆ ಕಲ್ಲೊಂದನ್ನು ನಿಲ್ಲಿಸಲು ಒಪ್ಪಿಗೆ ಸಿಕ್ಕಿದೆ. ಕಲ್ಲನ್ನು ಗೊತ್ತುಮಾಡಿದ್ದೂ ಆಗಿದೆ. ಅದರ ಮೇಲೆ ಏನು ಕೆತ್ತಿಸಬೇಕೆಂಬುದು ಮಾತ್ರ ಮೂರು ಸಲ ಕುಳಿತು ಮಾತಾಡಿದರೂ ತೀರ್ಮಾನವಾಗಿಲ್ಲ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಹತ್ತನೆಯ ತರಗತಿಯವರೆಗೆ ಅವನಿಗೆ ಗಣಿತ ಹೇಳಿಕೊಟ್ಟವನು ನಾನು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ, ಮಂಗಳೂರಿನ ಕಡೆಗೆ ಹೋದರೂ ಚೆನ್ನೈ ಕಡೆಗೆ ಹೋದರೂ ಕಡಲು ಕಾಣಲು 350 ಕಿಲೋಮೀಟರ್ ಸಾಗಬೇಕಾದ ಈ ಊರಿನ ಹುಡುಗನಿಗೆ ಹಡಗಿನ ಹುಚ್ಚು ಎಲ್ಲಿಂದ ಹತ್ತಿತೆಂದು ಅವನ ತಂದೆಯೇ ಬೆರಗಾಗುತ್ತಿದ್ದರು. ನನಗೆ ತಿಳಿದಂತೆ ಅದು ಹತ್ತಿದ್ದು ಕಾರವಾರದಲ್ಲಿ. ಎಂಟನೆಯ ತರಗತಿಯ ಪ್ರವಾಸದಲ್ಲಿ, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯೊಳಗೆ ಮಕ್ಕಳನ್ನು ಕರೆದೊಯ್ದಿದ್ದೆವು. ಉಳಿದವರೆಲ್ಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವನು ಕೆಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ಕೊಳವೆಗಳನ್ನು ಎಣಿಸುತ್ತ ನಿಂತಿದ್ದ. ಬಸ್ಸು ಹೊರಡುವ ಹೊತ್ತಿಗೆ ಅವನನ್ನು ಹುಡುಕಿ ತರಬೇಕಾಯಿತು.

ಪಿಯುಸಿ ಮುಗಿಸಿ ಕಬ್ಬನ್ ರಸ್ತೆಯ ಆಯ್ಕೆ ಕೇಂದ್ರಕ್ಕೆ ಹೋದವನನ್ನು ಮೊದಲ ಸಲ ಮೊದಲ ದಿನವೇ ವಾಪಸು ಕಳಿಸಿದರು. ಎರಡನೆಯ ಸಲ ಐದೂ ದಿನ ಮುಗಿಸಿ, ಆಯ್ಕೆಯಾಗಿ ಬಂದ. ಮುಂದೆ ಕಣ್ಣೂರು ಜಿಲ್ಲೆಯ ಎಳಿಮಲದ ನೌಕಾ ಅಕಾಡೆಮಿಯಲ್ಲಿ ನಾಲ್ಕು ವರ್ಷ, ಆಮೇಲೆ ಲೋನಾವಳದ ಐಎನ್ಎಸ್ ಶಿವಾಜಿಯಲ್ಲಿ ಯಂತ್ರಗಳ ತರಬೇತಿ. ರಜೆಯನ್ನು ಆದಷ್ಟೂ ಕಡಲೆಕಾಯಿ ಪರಿಷೆಗೆ ಹೊಂದಿಸಿಕೊಂಡು ಬರುತ್ತಿದ್ದ. ಆ ವರ್ಷ ಪರಿಷೆಗೆ ಎಂಟು ದಿನ ಮುಂಚೆ ದೇವನಹಳ್ಳಿಗೆ ಬಂದದ್ದು ಅವನ ದೇಹ. ಅವನಿಗೆ ಆಗ 25 ವರ್ಷ.

ಸದ್ಯ ನಮ್ಮ ಮುಂದಿರುವ ಕರಡು ಇಷ್ಟೇ: ‘ಹುತಾತ್ಮ ಯೋಧ’ ಎಂಬ ಎರಡು ಪದ, ಕೆಳಗೆ ಹೆಸರು, ಹುದ್ದೆ, ಹುಟ್ಟಿದ ಮತ್ತು ತೀರಿಕೊಂಡ ದಿನ. ಇದನ್ನು ಒಪ್ಪಲು ನನಗೆ ಏಕೋ ಮನಸ್ಸಾಗುತ್ತಿಲ್ಲ. ಕಾರಣವನ್ನು ಸ್ಪಷ್ಟವಾಗಿ ಹೇಳಲೂ ಬರುತ್ತಿಲ್ಲ.

ಗವಿಪುರದ ನಿವಾಸಿ

ಮೇಷ್ಟ್ರೇ, ಇದರಲ್ಲಿ ಚರ್ಚಿಸುವಂಥದ್ದೇನಿದೆ? ಸಮವಸ್ತ್ರದಲ್ಲಿ ಸತ್ತವರು ಹುತಾತ್ಮರೇ. ಕಲ್ಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಅದನ್ನೇ ಕೆತ್ತಿಸಿ, ಮೇಲೊಂದು ಲಂಗರಿನ ಚಿತ್ರ ಹಾಕಿಸಿದರೆ ಆಯಿತು. ಹೇಗೆ ಸತ್ತರೆಂಬ ವಿವರ ಬೆಳಗಿನ ನಡಿಗೆಗೆ ಬರುವವರಿಗೆ ಏಕೆ ಬೇಕು? ಅವಘಡವೆಂದು ಬರೆದರೆ ಅವರ ತ್ಯಾಗವನ್ನು ನಾವೇ ಕಡಿಮೆ ಮಾಡಿದಂತಾಗುತ್ತದೆ.

ನಿವೃತ್ತ ಆರ್ಟಿಫಿಸರ್, ಬನಶಂಕರಿ

ನಾನು ಆರ್ಟಿಫಿಸರ್, ಅಂದರೆ ನೌಕಾಪಡೆಯ ತಾಂತ್ರಿಕ ನಾವಿಕನಾಗಿ, ಹಡಗುಗಳ ಯಂತ್ರಕೋಣೆಯಲ್ಲಿ ಬಹುಕಾಲ ಕೆಲಸ ಮಾಡಿ ಬಂದವನು. ಆ ಹುಡುಗನನ್ನು ಕಂಡಿಲ್ಲ, ಅಂಥ ಹಲವರನ್ನು ಕಂಡಿದ್ದೇನೆ. ಆದ್ದರಿಂದ ಎರಡು ಮಾತು ಹೇಳುವ ಅಧಿಕಾರವಿದೆ ಎಂದುಕೊಳ್ಳುತ್ತೇನೆ.

ಮೊದಲನೆಯದು ಪದದ ವಿಷಯ. ‘ಹುತಾತ್ಮ’, ‘ಶಹೀದ್’ ಮುಂತಾದ ಪದಗಳನ್ನು ನಮ್ಮ ಸೇನಾಪಡೆಗಳು ಅಧಿಕೃತವಾಗಿ ಬಳಸುವುದಿಲ್ಲವೆಂದು ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಕಾಗದಪತ್ರಗಳಲ್ಲಿ ಇರುವುದು ಬೇರೆಯ ಲೆಕ್ಕ: ಯುದ್ಧದಲ್ಲಾದ ಸಾವು ಒಂದು, ಸೇವೆಯ ಕಾರಣದಿಂದಾದ ಸಾವು ಇನ್ನೊಂದು, ಸೇವೆಗೆ ಸಂಬಂಧವಿಲ್ಲದ ಸಾವು ಮತ್ತೊಂದು. ಕುಟುಂಬ ಪಿಂಚಣಿಯೂ ಅದರಂತೆಯೇ ಬದಲಾಗುತ್ತದೆ. ಸಾಮಾನ್ಯ ಪಿಂಚಣಿ ಕೊನೆಯ ಸಂಬಳದ ಶೇ. 30, ಸೇವೆಯ ಕಾರಣದಿಂದ ಸತ್ತರೆ ಶೇ. 60, ಯುದ್ಧದಲ್ಲಿ ಮಡಿದರೆ ಸಂಬಳದಷ್ಟೇ. ಈ ಲೆಕ್ಕ ತಪ್ಪೆಂದು ಹೇಳುತ್ತಿಲ್ಲ. ಆದರೆ ಮನೆಯವರ ಎದುರು ಎಲ್ಲರೂ ‘ಹುತಾತ್ಮ’ ಎನ್ನುವುದು, ಕಚೇರಿಯ ಕಾಗದದಲ್ಲಿ ಬೇರೊಂದು ಪದವಿರುವುದು, ಇವೆರಡರ ನಡುವೆ ಸಿಕ್ಕಿಕೊಂಡ ತಂದೆತಾಯಂದಿರನ್ನು ನೋಡಿದ್ದೇನೆ.

ಎರಡನೆಯದು ಸಾವಿನ ಬಗೆ. ಅದನ್ನು ತಿಳಿಯದೆ ಇವನು ಮಾಡಿದ್ದೇನೆಂಬುದು ನಿಮಗೆ ಅರ್ಥವಾಗುವುದಿಲ್ಲ. ಹಡಗಿನ ತಳದಲ್ಲಿ ಹತ್ತಾರು ತೊಟ್ಟಿಗಳು, ಖಾಲಿ ಗೂಡುಗಳು ಇರುತ್ತವೆ. ತಿಂಗಳುಗಟ್ಟಲೆ ಬಿಗಿಯಾಗಿ ಮುಚ್ಚಿದ ಉಕ್ಕಿನ ಗೂಡಿನಲ್ಲಿ ತೇವವಿದ್ದರೆ ಒಳಗೋಡೆ ತುಕ್ಕು ಹಿಡಿಯುತ್ತದೆ, ಮತ್ತು ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ಗಾಳಿಯಲ್ಲಿನ ಆಮ್ಲಜನಕವನ್ನು ತಿನ್ನುವುದು. ಹೊರಗಿನ ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಒಳಗೆ ಶೇ. 10ಕ್ಕಿಂತ ಕೆಳಗೆ ಇಳಿದಿರಬಹುದು. ವಾಸನೆಯಿಲ್ಲ, ಹೊಗೆಯಿಲ್ಲ, ಕಣ್ಣು ಉರಿಯುವುದಿಲ್ಲ. ಇನ್ನೂ ಕ್ರೂರವಾದ ಸಂಗತಿಯೆಂದರೆ, ಉಸಿರುಗಟ್ಟಿದ ಅನುಭವ ನಮಗೆ ಬರುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಆಮ್ಲಜನಕ ಕಡಿಮೆಯಾದದ್ದನ್ನು ದೇಹ ಹಾಗೆ ಎಚ್ಚರಿಸಿ ಹೇಳುವುದಿಲ್ಲ. ಇಳಿದವನು ಸಲೀಸಾಗಿ ಉಸಿರಾಡುತ್ತಲೇ ಮೊಣಕಾಲು ಮಡಿಸಿ ಬೀಳುತ್ತಾನೆ. ಮೇಲಿನಿಂದ ನೋಡಿದವನಿಗೆ ಏಣಿಯಿಂದ ಜಾರಿ ಬಿದ್ದಂತೆ ಕಾಣುತ್ತದೆ. ಎತ್ತಿಕೊಂಡು ಬರುತ್ತೇನೆಂದು ಅವನೂ ಇಳಿಯುತ್ತಾನೆ.

ಹೀಗಾಗಬಾರದೆಂದೇ ನಿಯಮಗಳಿವೆ. ಮೊದಲು ಗಾಳಿ ಹಾಯಿಸಬೇಕು, ಉಪಕರಣ ಇಳಿಬಿಟ್ಟು ಅಳೆಯಬೇಕು, ಲಿಖಿತ ಅನುಮತಿ ಇರಬೇಕು, ಬಾಯಿಯ ಬಳಿ ಒಬ್ಬ ಕಾವಲಿರಬೇಕು, ಇಳಿಯುವವನ ಸೊಂಟಕ್ಕೆ ಹಗ್ಗವಿರಬೇಕು. ಒಳಗೆ ಯಾರಾದರೂ ಬಿದ್ದರೆ ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮುಸುಕು ಧರಿಸದೆ ಇನ್ನೊಬ್ಬ ಇಳಿಯಲೇಬಾರದು. ಮೇಷ್ಟ್ರ ಶಿಷ್ಯನಿಗೆ ಇದೆಲ್ಲ ಬಾಯಿಪಾಠವಾಗಿಯೇ ಇದ್ದಿರಬೇಕು. ತರಬೇತಿಯಲ್ಲಿ ಇದನ್ನು ಹೇಳಿಕೊಡದೆ ಯಾರನ್ನೂ ಹಡಗಿಗೆ ಕಳಿಸುವುದಿಲ್ಲ. ಅಂದು ನಾವಿಕನೊಬ್ಬ ತೊಟ್ಟಿಯೊಳಗೆ ಬಿದ್ದ, ಇವನು ಸಾಧನಕ್ಕಾಗಿ ಕಾಯದೆ ಇಳಿದ ಎಂದು ನಾನು ಕೇಳಿದ್ದೇನೆ. ಅದು ನಿಜವಾದರೆ ಅವನು ನಿಯಮ ಮುರಿದ. ಕಲ್ಲಿನ ಮೇಲೆ ಬರೆಯಬೇಕಾದದ್ದು ಅದನ್ನೇ ಎನ್ನುತ್ತೇನೆ.

ಸಹಪಾಠಿ, ಶ್ರೀನಗರ

ಕೊನೆಯ ಸಾಲನ್ನು ಓದಿ ಬಹಳ ನೋವಾಯಿತು. ತೊಟ್ಟಿಯ ಬಾಯಿಯ ಬಳಿ ನಿಂತು, ಕೆಳಗೆ ತನ್ನ ಕೈಕೆಳಗಿನ ಹುಡುಗ ಬಿದ್ದಿರುವುದನ್ನು ನೋಡುತ್ತ, ಸಿಲಿಂಡರ್ ಬರಲಿ ಎಂದು ನಿಮಿಷ ಎಣಿಸುವವನನ್ನು ನೀವು ಹೊಗಳುತ್ತಿದ್ದಿರೇ? ಗಾಳಿಯನ್ನು ಅಳೆಯದೆ ಆ ನಾವಿಕನನ್ನು ಮೊದಲು ಇಳಿಸಿದವರು ಯಾರೆಂದು ಕೇಳುವುದನ್ನು ಬಿಟ್ಟು ಸತ್ತವನ ತಪ್ಪನ್ನು ಕಲ್ಲಿನಲ್ಲಿ ಕೆತ್ತಿಸಬೇಕೇ? ಅವನ ತಾಯಿ ಪ್ರತಿದಿನ ಸಂಜೆ ಅದೇ ಬಾಗಿಲಿನಿಂದ ಉದ್ಯಾನಕ್ಕೆ ಬರುತ್ತಾರೆಂಬುದಾದರೂ ನಿಮ್ಮ ಗಮನದಲ್ಲಿರಲಿ.

ನಿವೃತ್ತ ಆರ್ಟಿಫಿಸರ್, ಬನಶಂಕರಿ

ನನ್ನ ಮಾತು ಒರಟಾಯಿತು, ಕ್ಷಮೆಯಿರಲಿ. ನೀವು ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ: ಕಾಯುತ್ತ ನಿಂತವನನ್ನು ನಾನು ಹೊಗಳುತ್ತಿದ್ದೆ, ಮತ್ತು ಜೀವನವಿಡೀ ಅವನ ಮುಖ ನೋಡಲು ನನಗೆ ಸಂಕೋಚವಾಗುತ್ತಿತ್ತು. ಎರಡೂ ನಿಜ.

ಹಡಗಿನ ಅವಘಡಗಳಲ್ಲಿ ಸತ್ತ ಅಧಿಕಾರಿಗಳ ಕಥೆಗಳನ್ನು ಗಮನಿಸಿ. 2014ರ ಫೆಬ್ರವರಿ 26ರಂದು ಮುಂಬಯಿಯಾಚೆಯ ಕಡಲಿನಲ್ಲಿ ಸಿಂಧುರತ್ನ ಜಲಾಂತರ್ಗಾಮಿಯ ಒಂದು ವಿಭಾಗದಲ್ಲಿ ಹೊಗೆ ತುಂಬಿಕೊಂಡಾಗ ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್ ಮತ್ತು ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ಹೊರಗೆ ಬರಲಿಲ್ಲ. ಅದೇ ದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಹತ್ತು ದಿನ ಕಳೆಯುವುದರೊಳಗೆ, ಇನ್ನೂ ಸೇವೆಗೆ ಸೇರದಿದ್ದ ಕೋಲ್ಕತಾ ಹಡಗಿನಲ್ಲಿ ಬೆಂಕಿ ನಂದಿಸಲೆಂದೇ ಇಟ್ಟಿದ್ದ ಇಂಗಾಲದ ಡೈಆಕ್ಸೈಡ್ ಸೋರಿ ಕಮಾಂಡರ್ ಒಬ್ಬರು ತೀರಿಕೊಂಡರು. ನಮ್ಮ ಕಾರವಾರದಲ್ಲೇ, 2019ರ ಏಪ್ರಿಲ್ 26ರಂದು, ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂದರಿಗೆ ಬರುತ್ತಿದ್ದಾಗ ಅದರೊಳಗೆ ಬೆಂಕಿ ಹತ್ತಿತು. ಅದನ್ನು ನಂದಿಸುವ ತಂಡದ ಮುಂದೆ ನಿಂತಿದ್ದವರು ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್. ಹೊಗೆಯಿಂದ ಪ್ರಜ್ಞೆ ತಪ್ಪಿದ ಅವರು ಕಾರವಾರದ ನೌಕಾ ಆಸ್ಪತ್ರೆ ಪತಂಜಲಿಯಲ್ಲಿ ಕೊನೆಯುಸಿರೆಳೆದರು. ಬೆಂಕಿ ಹತೋಟಿಗೆ ಬಂತು, ಹಡಗು ಉಳಿಯಿತು. ಇವರಲ್ಲಿ ಯಾರನ್ನೂ ಶತ್ರು ಕೊಲ್ಲಲಿಲ್ಲ. ‘ಹುತಾತ್ಮ’ ಎಂದು ಮಾತ್ರ ಬರೆದು ನಿಲ್ಲಿಸಿದರೆ ಓದುವವನು ಯಾವುದೋ ಯುದ್ಧವನ್ನು ಊಹಿಸಿಕೊಂಡು ಮುಂದೆ ಹೋಗುತ್ತಾನೆ. ಗಾಳಿಯನ್ನು ಅಳೆಯದೆ ಇಳಿಸಿದವರನ್ನು ಕೇಳಬೇಕು ಎಂದಿರಿ. ಆ ಕಲ್ಲಿನಲ್ಲಿ ತೊಟ್ಟಿಯ ಪ್ರಸ್ತಾಪವೇ ಇಲ್ಲದಿದ್ದರೆ ಆ ಪ್ರಶ್ನೆ ಯಾರಿಗೆ ಹೊಳೆಯುತ್ತದೆ?

ಶಾಸನಗಳ ಹಿಂದೆ ಬಿದ್ದವನು

ಮೇಷ್ಟ್ರಿಗೆ ಹೇಳಲು ಬಾರದ ಕಾರಣ ಇದೇ ಇರಬಹುದೇನೋ, ನೋಡಿ. ನಮ್ಮ ನೆಲದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ಬೆಂಗಳೂರಿನ ಹೆಸರಿಗಿಂತ ಹಳೆಯದು. ಹೆಬ್ಬಾಳದಲ್ಲಿ ಸಿಕ್ಕ ಕಿಟ್ಟಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ರ ವೀರಗಲ್ಲಿನಲ್ಲಿ ‘ಬೆಂಗುಳೂರ’ ಕಾಳಗದ ಮಾತು ಬರುತ್ತದೆ. ಈ ಊರಿನ ಹೆಸರು ಸಿಗುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದೊಂದು. ಅಂದರೆ ಬೆಂಗಳೂರೆಂಬ ಹೆಸರು ನಮಗೆ ದಕ್ಕಿದ್ದೇ ಯಾರೋ ಒಬ್ಬ ಸತ್ತ ಮಗನ ಕಲ್ಲಿನಿಂದ. ಇಂದಿಗೂ ನಗರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರುವುದು ಬೃಹತ್ತಾದ ವೀರಗಲ್ಲನ್ನೇ.

ಈ ಕಲ್ಲುಗಳನ್ನು ಓದುತ್ತ ನನಗೆ ಎದ್ದು ಕಂಡದ್ದೇನೆಂದರೆ, ಕಲ್ಲು ಹಾಕಿಸಿದವರಿಗೆ ವಿವರದ ಬಗ್ಗೆ ಸಂಕೋಚವಿರಲಿಲ್ಲ. ಯಾರ ಮಗ, ಯಾವ ಊರು, ಯಾವುದರ ವಿರುದ್ಧ ಹೋರಾಡಿದ, ಹೇಗೆ ಬಿದ್ದ. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲಿನಲ್ಲಿ ದನಗಳ ಸಾಲೇ ಇರುತ್ತದೆ, ಹುಲಿಯೊಂದಿಗೆ ಸೆಣಸಿದವನ ಕಲ್ಲಿನಲ್ಲಿ ಹುಲಿ. ಯುದ್ಧದಲ್ಲಿ ಸತ್ತವನಿಗೆ ಮಾತ್ರ ಕಲ್ಲು ಎಂಬ ಕಟ್ಟುಪಾಡೂ ಇರಲಿಲ್ಲ. ಕಸ್ತೂರ್ ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ, ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ, ಕ್ರಿ.ಶ. 949-50ರ ಕಲ್ಲನ್ನು ನೋಡಿ. ಕಾಳಿ ಎಂಬ ನಾಯಿ ಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ಒಡೆಯ ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ನಾಯಿ ಮತ್ತು ಹಂದಿ ಎದುರುಬದುರು ನಿಂತ ಚಿತ್ರ ಅಲ್ಲಿದೆ. ಅದೇ ಶಾಸನದಲ್ಲಿ ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಮಹಾಯುದ್ಧದ ಸುದ್ದಿಯೂ ಇದೆ, ಆದರೆ ಕಲ್ಲು ನಿಂತದ್ದು ನಾಯಿಗೆ.

ಲಂಗರಿನ ಚಿತ್ರ ಬೇಡ. ತೊಟ್ಟಿಯ ದುಂಡನೆಯ ಬಾಯಿ, ಒಂದು ಏಣಿ ಇರಲಿ.

ಸಿವಿಲ್ ಇಂಜಿನಿಯರ್, ಕತ್ರಿಗುಪ್ಪೆ

ವಿಷಯದಿಂದ ದೂರ ಹೋಗುತ್ತಿಲ್ಲವೆಂದು ನಂಬಿ ಬರೆಯುತ್ತೇನೆ. ಆರ್ಟಿಫಿಸರ್ ಅವರು ವಿವರಿಸಿದ ಸಾವನ್ನು ನೋಡಲು ಕಡಲಿಗೆ ಹೋಗಬೇಕಾಗಿಲ್ಲ. 2017ರ ಮಾರ್ಚಿನಲ್ಲಿ ನಮ್ಮದೇ ಕಗ್ಗದಾಸಪುರದ ಮ್ಯಾನ್‌ಹೋಲಿನಲ್ಲಿ ಮೂವರು ಹೀಗೆಯೇ ಉಸಿರುಗಟ್ಟಿ ಸತ್ತರು. ಚರಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದು ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ವಾಸನೆ ಹೋಯಿತೆಂದು ಇಳಿದವನು ಮೋಸಹೋಗುತ್ತಾನೆ. ನಾನು ಕೆಲಸ ಮಾಡುವ ಕಡೆಗಳಲ್ಲಿ ಇಂದಿಗೂ ‘ಒಂದೇ ನಿಮಿಷ ಸಾರ್, ಹೋಗಿ ಬರ್ತೀನಿ’ ಎಂದು ಅಂಗಿ ಕಳಚುವವರನ್ನು ತಡೆದು ನಿಲ್ಲಿಸಬೇಕಾಗುತ್ತದೆ. ಹೊಂಗೆಮರದ ಕೆಳಗಿನ ಕಲ್ಲಿನಲ್ಲಿ ‘ಸಾಧನ ಬರುವ ಮುನ್ನವೇ ಇಳಿದರು’ ಎಂಬ ಮಾತಿದ್ದರೆ, ಅದೇ ರಸ್ತೆಯಲ್ಲಿ ಮುಚ್ಚಳ ತೆಗೆಯುವ ಹುಡುಗರಲ್ಲಿ ಒಬ್ಬನಾದರೂ ಓದಿಯಾನು.

ಗವಿಪುರದ ನಿವಾಸಿ

ಒಪ್ಪುತ್ತೇನೆ ಎನ್ನಲಾರೆ. ಆದರೆ ನಾಯಿಯ ಕಲ್ಲಿನ ಸಂಗತಿ ನನಗೆ ಗೊತ್ತಿರಲಿಲ್ಲ. ವಸ್ತುಸಂಗ್ರಹಾಲಯದ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ. ನನ್ನ ಆಕ್ಷೇಪ ಒಂದೇ: ಮನೆಯವರನ್ನು ಕೇಳದೆ ನಾವು ಇಷ್ಟೆಲ್ಲ ಬರೆಯುತ್ತಿದ್ದೇವೆ.

ತಂಗಿ

ನಾನು ಅವನ ತಂಗಿ. ಎರಡು ದಿನಗಳಿಂದ ಓದುತ್ತಿದ್ದೇನೆ. ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಸಹಪಾಠಿ ಅಣ್ಣನವರು ನಮಗೆ ನೋವಾಗುತ್ತದೆಂದು ಕಾಳಜಿ ತೋರಿದ್ದಾರೆ, ಅದಕ್ಕೆ ಕೃತಜ್ಞಳು. ಆದರೆ ಆರ್ಟಿಫಿಸರ್ ಅಂಕಲ್ ಅವರ ಬರಹವನ್ನು ಅಮ್ಮ ಎರಡು ಸಲ ಓದಿಸಿದರು, ಅದರಲ್ಲೂ ಉಸಿರಿನ ವಿಷಯ ಬರುವ ಭಾಗವನ್ನು. ಅವನು ಒದ್ದಾಡಿದನೇ ಎಂಬ ಪ್ರಶ್ನೆಯನ್ನು ಅಮ್ಮ ಇಷ್ಟು ವರ್ಷ ಯಾರ ಬಳಿಯೂ ಕೇಳಿರಲಿಲ್ಲ. ಮನೆಗೆ ಬಂದವರೆಲ್ಲ ದೇಶ, ತ್ಯಾಗ, ಪುಣ್ಯ ಎಂದೇ ಮಾತಾಡುತ್ತಿದ್ದುದರಿಂದ ಆ ಪ್ರಶ್ನೆಗೆ ಎಡೆಯೇ ಸಿಕ್ಕಿರಲಿಲ್ಲ.

ನೀವು ಕೇಳಿದ್ದು ನಿಜ. ಸಾಧನ ತರಲು ಒಬ್ಬರನ್ನು ಓಡಿಸಿ, ಅವರು ಬರುವ ಮುನ್ನವೇ ಅಣ್ಣ ಇಳಿದ. ತನಿಖೆಯ ವಿಷಯ ನಮಗೆ ತಿಳಿಸಿದಾಗ ಅದನ್ನು ಮುಚ್ಚಿಡಲಿಲ್ಲ. ಕೆಳಗೆ ತಲುಪಿ ಆ ನಾವಿಕನ ಕಂಕುಳಿಗೆ ಹಗ್ಗದ ಒಂದು ಸುತ್ತು ಹಾಕಿದ್ದ, ಗಂಟು ಪೂರ್ತಿಯಾಗಿರಲಿಲ್ಲ. ಇಬ್ಬರೂ ಬದುಕಲಿಲ್ಲ. ಇದನ್ನು ಬರೆಯಬೇಕೇ ಬೇಡವೇ ಎಂದು ನನಗೆ ತಿಳಿಯುತ್ತಿಲ್ಲ, ಆದರೆ ಅಪ್ಪ ಬದುಕಿದ್ದಾಗ ಆ ಗಂಟಿನ ಮಾತನ್ನೇ ಮತ್ತೆ ಮತ್ತೆ ಆಡುತ್ತಿದ್ದರು.

ಅಮ್ಮ ಹೇಳಿದ್ದು ಇಷ್ಟು. ಅವನು ಇಳಿದದ್ದನ್ನು ಬರೆಯಿರಿ, ಸಾಧನವಿಲ್ಲದೆ ಇಳಿದನೆಂಬುದನ್ನೂ ಬರೆಯಿರಿ. ಆದರೆ ಇಳಿದದ್ದು ಯಾರಿಗಾಗಿ ಎಂಬುದನ್ನು ಬಿಟ್ಟರೆ ಆ ಕಲ್ಲು ಬೇಡ. ಆ ಹುಡುಗನಿಗೆ 21 ವರ್ಷ, ಒಡಿಶಾದವನು. ಅವನ ತಾಯಿಯ ಜೊತೆ ಅಮ್ಮ ವರ್ಷಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ. ಇವರಿಗೆ ಒಡಿಯಾ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಎರಡೂ ಹೆಸರುಗಳು ಒಂದೇ ಅಳತೆಯ ಅಕ್ಷರಗಳಲ್ಲಿರಬೇಕು.

ಸಹಪಾಠಿ, ಶ್ರೀನಗರ

ಏಳು ವರ್ಷಗಳಲ್ಲಿ ನಾನು ಆ ನಾವಿಕನ ಹೆಸರನ್ನು ಒಮ್ಮೆಯೂ ಕೇಳಿ ತಿಳಿದುಕೊಂಡಿರಲಿಲ್ಲ. ನಾಚಿಕೆಯಾಗುತ್ತಿದೆ.

ಶಾಸನಗಳ ಹಿಂದೆ ಬಿದ್ದವನು

ಒಂದೇ ಕಾಳಗದಲ್ಲಿ ಬಿದ್ದ ಇಬ್ಬರನ್ನು ಒಂದೇ ಕಲ್ಲಿನಲ್ಲಿ ಅಕ್ಕಪಕ್ಕ ಕೆತ್ತಿದ ವೀರಗಲ್ಲುಗಳು ನಮ್ಮಲ್ಲಿ ಇವೆ. ಆದ್ದರಿಂದ ಕಲ್ಕುಟಿಗರಿಗೆ ಇದೇನೂ ಹೊಸದಾಗದು.

ನಿವೃತ್ತ ಆರ್ಟಿಫಿಸರ್, ಬನಶಂಕರಿ

ತಂಗಿಯಮ್ಮ, ಅಮ್ಮನವರಿಗೆ ದಯವಿಟ್ಟು ತಿಳಿಸಿ: ಅಂಥ ಗಾಳಿಯಲ್ಲಿ ಒದ್ದಾಟವಿರುವುದಿಲ್ಲ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ, ಒಮ್ಮೆ ನಾನೇ ಹಾಗೆ ಬಿದ್ದು, ಹಗ್ಗ ಕಟ್ಟಿದ್ದರಿಂದ ಮೇಲೆ ಬಂದವನು. ಕೆಳಗಿಳಿದದ್ದು ನೆನಪಿದೆ. ಆಮೇಲೆ ಎಚ್ಚರವಾದದ್ದು ಬಿಸಿಲಿನಲ್ಲಿ. ನಡುವಿನದೇನೂ ನನಗೆ ಗೊತ್ತಿಲ್ಲ. ಇನ್ನು ಗಂಟಿನ ವಿಷಯ. ಆ ಗಾಳಿಯಲ್ಲಿ ಒಂದು ಸುತ್ತು ಹಾಕುವಷ್ಟು ಹೊತ್ತು ಕೈ ಆಡಿಸಿದ್ದೇ ಹೆಚ್ಚು.

ಹನುಮಂತನಗರದ ಮೇಷ್ಟ್ರು

ಹೊಸ ಕರಡನ್ನು ತಾಯಿಯವರಿಗೆ ತೋರಿಸಿ ಬಂದೆ. ಅವರು ಒಂದು ಪದವನ್ನು ತಿದ್ದಿದರು: ನಾನು ‘ಧೀರತನದಿಂದ ಇಳಿದರು’ ಎಂದು ಬರೆದಿದ್ದೆ, ‘ಧೀರತನದಿಂದ’ ಎಂಬುದನ್ನು ಹೊಡೆದುಹಾಕಿಸಿದರು. ಈಗ ಉಳಿದಿರುವುದು ಹೀಗಿದೆ:

‘ದುರಸ್ತಿಯಲ್ಲಿದ್ದ ಹಡಗಿನ ಮುಚ್ಚಿದ ತೊಟ್ಟಿಯೊಳಗೆ, ಗಾಳಿಯನ್ನು ಪರೀಕ್ಷಿಸದೆ ಕೆಲಸಕ್ಕೆ ಇಳಿಸಿದ್ದ ಈ ನಾವಿಕನು ಪ್ರಜ್ಞೆ ತಪ್ಪಿ ಬಿದ್ದಾಗ, ಈ ಬೀದಿಯ ಮಗನಾದ ಈ ಅಧಿಕಾರಿಯು ಉಸಿರಾಟದ ಸಾಧನ ಬರುವ ಮುನ್ನವೇ ಅವನನ್ನು ತರಲು ಇಳಿದನು. ಹಗ್ಗ ಕಟ್ಟುತ್ತಿರುವಾಗ ಇಬ್ಬರೂ ಸತ್ತರು.’

ಇದರ ಮೇಲೆ ಏಣಿಯ ಚಿತ್ರ, ಅಕ್ಕಪಕ್ಕ ಎರಡು ಹೆಸರು. ಒಂದನ್ನು ಒಡಿಯಾ ಲಿಪಿಯಲ್ಲೂ ಕೆತ್ತಿಸಬೇಕೆಂದು ತಂಗಿಯ ಅಪೇಕ್ಷೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಯೊಂದಿಗೆ ಮಾತಾಡಿದೆ. ಅಕ್ಷರಗಳು ಹೆಚ್ಚಾದವು, ಮೊದಲು ಗೊತ್ತುಮಾಡಿದ ಕಲ್ಲು ಸಾಲದು, ಇನ್ನೂ ಒಂದೂವರೆ ಅಡಿ ಎತ್ತರದ್ದು ಬೇಕು ಎಂದಿದ್ದಾರೆ. ಒಡಿಯಾ ಅಕ್ಷರಗಳನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಕೊಟ್ಟರೆ ಹಾಗೆಯೇ ಕೆತ್ತುತ್ತಾರಂತೆ. ಬರೆದುಕೊಡಬಲ್ಲವರು ಯಾರಾದರೂ ನಿಮಗೆ ಪರಿಚಯವಿದ್ದರೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಉದ್ಯಾನದ ಪೂರ್ವದ ಬಾಗಿಲಿಗೆ ಕರೆತನ್ನಿ.